ಹಸಿರು ಟ್ಯೂಬ್ ಮನೆಯಲ್ಲೇ ಇರಲಿ: ಮಲೆನಾಡನ್ನು ಜಲವರ್ಣದಲ್ಲಿ ಬರೆಯುವವರಿಗೆ

ಮಲೆನಾಡಿನ ಚಿತ್ರ ಬರೆಯಲು ಕೂತವರು ಮೊದಲು ಹಸಿರು ಬಣ್ಣಕ್ಕೇ ಕೈ ಹಾಕುತ್ತಾರೆ. ಸಹಜವೇ. ಶಿವಮೊಗ್ಗ ಬಿಟ್ಟು ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ತೀರ್ಥಹಳ್ಳಿ ರಸ್ತೆ ಹಿಡಿದರೆ ಎರಡೂ ಕಡೆ ಕಾಣುವುದೆಲ್ಲ ಹಸಿರೇ ತಾನೇ? ಆದರೆ ಹಾಳೆ ಒಣಗಿದ ಮೇಲೆ ನೋಡಿದರೆ ಗುಡ್ಡವೆಲ್ಲ ಅಂಗಡಿ ಬಾಗಿಲಿಗೆ ಕಟ್ಟಿದ ಪ್ಲಾಸ್ಟಿಕ್ ತೋರಣದ ಹಾಗೆ ಕಾಣುತ್ತದೆ.

ಟ್ಯೂಬಿನಿಂದ ನೇರ ಬಂದ ಹಸಿರಿನಲ್ಲಿ ಹಸಿರು ಬಿಟ್ಟು ಬೇರೇನೂ ಇರುವುದಿಲ್ಲ. ಇಲ್ಲಿನ ಹಸಿರು ಹಾಗಲ್ಲ. ಅದರೊಳಗೆ ಮಂಜಿನ ಬೂದು ಇರುತ್ತದೆ, ಕಾನಿನ, ಅಂದರೆ ದಟ್ಟ ಕಾಡಿನ ಕಪ್ಪು ಇರುತ್ತದೆ, ಎಲ್ಲಕ್ಕಿಂತ ಜಾಸ್ತಿ ಕೆಳಗಿನ ಮಣ್ಣಿನ ಕೆಂಪು ಇರುತ್ತದೆ. ಅದಕ್ಕೇ ನನ್ನ ಸಲಹೆ, ಹಸಿರು ಟ್ಯೂಬನ್ನು ಒಂದು ವರ್ಷ ಮುಟ್ಟಬೇಡಿ. ಬೇಕಾದ ಹಸಿರನ್ನೆಲ್ಲ ನೀಲಿ, ಹಳದಿ ಮತ್ತು ಮಣ್ಣುಬಣ್ಣಗಳಿಂದ ಬೆರೆಸಿಕೊಳ್ಳಿ. ಹೇಗೆ ಅನ್ನುವುದು ಮುಂದಿದೆ.

ಚೀಲದಲ್ಲಿ ಏನಿರಬೇಕು

ದುಡ್ಡು ಕಡಿಮೆ ಇದ್ದರೆ ಬಣ್ಣಕ್ಕಿಂತ ಕಾಗದಕ್ಕೆ ಖರ್ಚು ಮಾಡಿ. 300 ಜಿಎಸ್‌ಎಂ ದಪ್ಪದ, ಸ್ವಲ್ಪ ತರಿಯಾಗಿರುವ ಕಾಗದ ಬೇಕು. ಹತ್ತಿಯಿಂದ ಮಾಡಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ತೆಳು ಡ್ರಾಯಿಂಗ್ ಶೀಟ್ ಮಲೆನಾಡಿನ ತೇವಕ್ಕೇ ಅರ್ಧ ಸುಕ್ಕಾಗಿರುತ್ತದೆ. ಮೇಲೆ ನೀರು ಬಿದ್ದರೆ ಕೇಳುವುದೇ ಬೇಡ.

ಬಣ್ಣ ಆರು ಸಾಕು: ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ, ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಪರ್ಮನೆಂಟ್ ರೋಸ್. ಥ್ಯಾಲೋ ಸಿಗದಿದ್ದರೆ ಪ್ರಷ್ಯನ್ ನೀಲಿ ನಡೆಯುತ್ತದೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬಣ್ಣದ ಸಂಕೇತ ಇರುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಪಿಬಿ 15 ಅಂದರೆ ಥ್ಯಾಲೋ. ಕೆಂಪಿನಲ್ಲಿ ಪಿಆರ್ 83 ಅಂತ ಕಂಡರೆ ಬಿಟ್ಟುಬಿಡಿ. ಅದು ಹಳೆಯ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಇಟ್ಟರೆ ಮಾಸುತ್ತದೆ.

ಬ್ರಷ್ ಮೂರು ಸಾಕು: ಹನ್ನೆರಡನೇ ನಂಬರಿನ ದುಂಡಗಿನದು, ಆರನೇ ನಂಬರಿನದು, ಒಂದು ಇಂಚಿನ ಚಪ್ಪಟೆ. ನೀರಿಗೆ ಎರಡು ಡಬ್ಬಿ, ಹಳೇ ಬನಿಯನ್ ಬಟ್ಟೆ, ಸ್ಪ್ರೇ ಬಾಟಲಿ, ಒಂದು ರಟ್ಟು, ಕ್ಲಿಪ್ಪು, ಮೇಣದ ಬತ್ತಿ. ಮಳೆಗಾಲದಲ್ಲಿ ಹೊರಗೆ ಕೂರುವುದಾದರೆ ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣವೂ ಇರಲಿ. ಬ್ರಷ್ ಅರ್ಧ ಎಳೆದಾಗಲೇ ಅದು ಕಾಲು ಹತ್ತುವುದು.

ಮೊದಲು ಮನೆಯಲ್ಲೇ ಹಸಿರು ಬೆರೆಸಿ

ಹೊರಗೆ ಹೋಗುವ ಮೊದಲು ಒಂದು ಇಡೀ ಹಾಳೆಯನ್ನು ಬಣ್ಣ ಬೆರೆಸುವುದಕ್ಕೇ ಇಡಿ. ಚಿತ್ರ ಬೇಡ, ಬರೀ ಚೌಕಗಳು. ಪ್ರತಿ ಚೌಕದ ಕೆಳಗೆ ಯಾವ ಬಣ್ಣ ಎಷ್ಟು ಅಂತ ಪೆನ್ಸಿಲಿನಲ್ಲಿ ಬರೆದಿಡಿ. ಬೇಜಾರಿನ ಕೆಲಸ ಅನ್ನಿಸಬಹುದು, ಆದರೆ ಈ ಹಾಳೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಲೆಮನ್ ಯೆಲ್ಲೋಗೆ ಥ್ಯಾಲೋ ನೀಲಿಯ ಒಂದು ಚುಕ್ಕೆ ಸೇರಿಸಿ. ಕಣ್ಣಿಗೆ ಹೊಡೆಯುವಂಥ ಎಳೆ ಹಸಿರು ಬರುತ್ತದೆ. ಜುಲೈನಲ್ಲಿ ಗದ್ದೆಯ ಸಸಿಮಡಿ ನಿಜಕ್ಕೂ ಹೀಗೇ ಇರುತ್ತದೆ. ಈ ಹಸಿರಿಗೆ ಮಲೆನಾಡಿನಲ್ಲಿ ಜಾಗ ಇರುವುದು ಹೆಚ್ಚುಕಡಿಮೆ ಅಲ್ಲಿ ಮಾತ್ರ. ಬೆಟ್ಟಕ್ಕೆ ಬಳಿಯಬೇಡಿ. ಥ್ಯಾಲೋ ಬಲು ಜೋರಿನ ಬಣ್ಣ, ಬ್ರಷ್ಷಿನ ತುದಿಗೆ ತಾಗಿದಷ್ಟೇ ಸಾಕು. ಸುಮ್ನೆ ಅದ್ದಿದರೆ ಇಡೀ ತಟ್ಟೆಯೇ ನೀಲಿಯಾಗುತ್ತದೆ.

ಈಗ ಅದೇ ಥ್ಯಾಲೋಗೆ ಬರ್ನ್ಟ್ ಸಿಯೆನ್ನಾ ಸೇರಿಸಿ, ಆಮೇಲೆ ಚೂರು ಹಳದಿ. ಕಪ್ಪಿಗೆ ಹತ್ತಿರದ, ಆಳವಾದ ಹಸಿರು ಸಿಗುತ್ತದೆ. ಇದು ಕಾನಿನ ಬಣ್ಣ. ಆಗುಂಬೆ ಸುತ್ತಿನ ನಿತ್ಯಹರಿದ್ವರ್ಣ ಕಾಡನ್ನು ಹೊರಗೆ ನಿಂತು ನೋಡಿದರೆ ಮರಗಳ ಬುಡದಲ್ಲಿ ಕಾಣುವುದು ಇದೇ. ಕಪ್ಪು ಟ್ಯೂಬ್ ಬಳಸಿದರೆ ಆ ಜಾಗ ಸತ್ತ ಹಾಗೆ ಕಾಣುತ್ತದೆ. ಈ ಮಿಶ್ರಣದಲ್ಲಿ ಕತ್ತಲೊಳಗೂ ಹಸಿ ಇರುತ್ತದೆ.

ಓಕರ್ ಮತ್ತು ಅಲ್ಟ್ರಾಮರೀನ್ ಬೆರೆತರೆ ಮಂಕು ಹಸಿರು. ನವೆಂಬರ್ ಹೊತ್ತಿಗೆ ಒಣಗಲು ಶುರುವಾದ ಬ್ಯಾಣದ (ಹುಲ್ಲುಗಾವಲಿನ) ಹುಲ್ಲಿಗೆ ಇದು ಸರಿ. ಇದಕ್ಕೇ ಒಂದು ಹನಿ ರೋಸ್ ಸೇರಿಸಿದರೆ ಧೂಳು ಹಿಡಿದ ಬೂದು ಹಸಿರಾಗುತ್ತದೆ. ಇದನ್ನು ಅಕೇಶಿಯಾ ನೆಡುತೋಪಿಗೆ ಇಟ್ಟುಕೊಳ್ಳಿ. ನಮ್ಮ ಎಷ್ಟೋ ಗುಡ್ಡಗಳ ಮೇಲೆ ಈಗ ಇರುವುದು ಕಾಡಲ್ಲ, ಅಕೇಶಿಯಾ. ಎರಡಕ್ಕೂ ಒಂದೇ ಹಸಿರು ಬಳಿದರೆ ಚಿತ್ರ ಸುಳ್ಳು ಹೇಳುತ್ತದೆ. ಬೇರೆ ಬೇರೆ ಹಸಿರಿನಲ್ಲಿ ಬರೆದರೆ ನೋಡುವವರಿಗೆ ಯಾವ ಗುಡ್ಡ ಏನಾಗಿದೆ ಅಂತ ಹೇಳದೆಯೇ ಗೊತ್ತಾಗುತ್ತದೆ. ಅಡಿಕೆ ಸೋಗೆಗೆ ಲೆಮನ್ ಯೆಲ್ಲೋ, ಅಲ್ಟ್ರಾಮರೀನ್, ಸ್ವಲ್ಪ ಬರ್ನ್ಟ್ ಸಿಯೆನ್ನಾ.

ಗಮನಿಸಿ, ಸಸಿಮಡಿಯೊಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ಓಕರ್ ಅಥವಾ ಬರ್ನ್ಟ್ ಸಿಯೆನ್ನಾ ಬಂತು. ಈ ಎರಡಕ್ಕೂ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ನಮ್ಮ ಧರೆಯ (ಕಡಿದ ಮಣ್ಣಿನ ದಿಬ್ಬದ) ಕೆಂಪು, ಜಂಬಿಟ್ಟಿಗೆಯ ಕೆಂಪು, ಎರಡಕ್ಕೂ ಕಾರಣ ಅದೇ ಕಬ್ಬಿಣ. ಮಣ್ಣಿಗೆ ಬಳಿಯುವ ಬಣ್ಣವನ್ನೇ ಮರದ ಹಸಿರಿಗೂ ಒಂದಿಷ್ಟು ಬೆರೆಸಿದರೆ ಮರ ಆ ನೆಲದಲ್ಲೇ ಬೇರೂರಿದ ಹಾಗೆ ಕಾಣುತ್ತದೆ. ಹಸಿರಿನ ಎದುರಿನ ಬಣ್ಣ ಕೆಂಪು, ಹಾಗಾಗಿ ಹಸಿರಿನ ಸೊಕ್ಕೂ ಇಳಿಯುತ್ತದೆ.

ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರ ನೋಡಿದ್ದೀರಲ್ಲ? ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಕಲಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಸಾಂಪ್ರದಾಯಿಕ ಬಣ್ಣ ಇಷ್ಟೇ. ಬ್ರಷ್ಷು ಪುಂಡಿ ನಾರಿನದು. ಇಷ್ಟು ಹಸಿರಿನ ನಡುವೆ ಬದುಕುವವರ ಚಿತ್ರದಲ್ಲಿ ಹಸಿರೇ ಇಲ್ಲ! ಆದರೂ ಅದು ಮಲೆನಾಡಿನದ್ದು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಒಂದು ದಿನ ಈ ನಾಲ್ಕೇ ಬಣ್ಣದಲ್ಲಿ ಒಂದು ಗದ್ದೆ ಬಯಲು ಬರೆದು ನೋಡಿ. ಓಕರ್, ಬರ್ನ್ಟ್ ಸಿಯೆನ್ನಾ, ಗಾಢವಾಗಿ ಬೆರೆಸಿದ ಕಪ್ಪು ಮತ್ತು ಕಾಗದದ ಬಿಳಿ ಸಾಕು.

ಜಾಗ ಮತ್ತು ಹೊತ್ತು

ಕವಲೇದುರ್ಗ, ಕುಂದಾದ್ರಿ, 1,343 ಮೀಟರ್ ಎತ್ತರದ ಕೊಡಚಾದ್ರಿ, ಇವೆಲ್ಲ ನೋಡಲು ಚೆನ್ನ. ಹೊಸಬರು ಬರೆಯಲು ಅಲ್ಲಿ ಶುರುಮಾಡುವುದು ಬೇಡ. ತುದಿಯಿಂದ ಎಲ್ಲವೂ ಕಾಣುತ್ತದೆ, ಹಿಡಿಯಲು ಒಂದೂ ಸಿಗುವುದಿಲ್ಲ. ಗಾಳಿಯೂ ಜಾಸ್ತಿ.

ಗದ್ದೆ ಬದುವಿನ ಮೇಲೆ ಕೂರಿ. ಮಲೆನಾಡಿನ ಕಣಿವೆ ತಾನಾಗಿಯೇ ಪದರ ಪದರವಾಗಿ ಜೋಡಣೆಯಾಗಿರುತ್ತದೆ. ಮುಂದೆ ಗದ್ದೆ, ಅದರಾಚೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಹಿಂದೆ ಕಾನು, ಅದರ ಹಿಂದೆ ಗುಡ್ಡದ ಸಾಲು. ಒಂದೊಂದು ಪದರಕ್ಕೂ ಬೇರೆ ಹಸಿರು. ಸಂಯೋಜನೆಯ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಯಾರದ್ದೋ ಗದ್ದೆ, ತೋಟವಾದರೆ ಮನೆಯವರನ್ನು ಒಂದು ಮಾತು ಕೇಳಿ ಕೂರಿ. ಕೇಳಿದರೆ ಬೇಡ ಅನ್ನುವವರು ಕಡಿಮೆ. ಕಾಫಿಗೆ ಕರೆದು ನಿಮ್ಮ ಬೆಳಕು ಹಾಳುಮಾಡುವವರೇ ಜಾಸ್ತಿ. ಅಭಯಾರಣ್ಯದ ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ನಿಯಮ ವಿಚಾರಿಸಿಕೊಳ್ಳಿ.

ನವೆಂಬರ್‌ನಿಂದ ಜನವರಿವರೆಗೆ ಬೆಳಿಗ್ಗೆ ಏಳರಿಂದ ಒಂಬತ್ತರ ಹೊತ್ತು ಎಲ್ಲಕ್ಕಿಂತ ಚೆನ್ನ. ಇಬ್ಬನಿ ಕರಗುತ್ತಿರುತ್ತದೆ, ಬಿಸಿಲು ಓರೆಯಾಗಿ ಬರುತ್ತದೆ. ಹನ್ನೊಂದರಿಂದ ಮೂರು ಗಂಟೆವರೆಗೆ ನೆರಳೇ ಇರುವುದಿಲ್ಲ, ಊಟ ಮಾಡಿ ಮಲಗಿ. ಮಳೆಗಾಲದಲ್ಲಿ ಹೊರಗೆ ಕೂರುವ ಸಾಹಸ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಕೊಡೆ ಹಿಡಿದರೂ ಗಾಳಿಗೆ ಹಾಳೆ ನೆನೆಯುತ್ತದೆ. ಮನೆಯ ಜಗಲಿಯೇ ಸರಿಯಾದ ಜಾಗ. ಸೂರಿನ ನೀರಿನ ಆಚೆ ಕಾಣುವ ತೋಟ ಒಂದು ಇಡೀ ಸೀಸನ್ನಿಗೆ ಸಾಕು.

ಫೆಬ್ರವರಿ, ಮಾರ್ಚ್ ಬಂತೆಂದರೆ ಕಾಡಿನ ಎಷ್ಟೋ ಮರ ಚಿಗುರುತ್ತವೆ. ಚಿಗುರು ಹಸಿರಲ್ಲ, ತಾಮ್ರದ ಕೆಂಪು. ಎಳೆ ಎಲೆಯಲ್ಲಿ ಆಂಥೋಸಯನಿನ್ ಅನ್ನುವ ಕೆಂಪು ಅಂಶ ಇರುವುದರಿಂದ ಹಾಗೆ. ರೋಸ್‌ಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ಅಲ್ಲಲ್ಲಿ ಒದ್ದೆ ಹಸಿರಿನೊಳಗೆ ಇಳಿಬಿಡಿ. ಮುತ್ತುಗ ಹೂವಾಗುವುದೂ ಆಗಲೇ. ಬೇಸಿಗೆ ಅಂದರೆ ಬರೀ ಒಣಗಿದ ಗುಡ್ಡ ಅಂದುಕೊಂಡವರು ಈ ಎರಡು ತಿಂಗಳನ್ನು ಕಳೆದುಕೊಳ್ಳುತ್ತಾರೆ.

ಬಣ್ಣಕ್ಕೆ ಮೊದಲು ಕತ್ತಲೆ ಬೆಳಕು

ಕೂತ ಕೂಡಲೇ ಬ್ರಷ್ ಎತ್ತಬೇಡಿ. ಅಂಗೈಯಷ್ಟು ಜಾಗದಲ್ಲಿ ಪೆನ್ಸಿಲಿನಿಂದ ಮೂರೇ ಛಾಯೆಯ ನಕ್ಷೆ ಮಾಡಿ: ಕಾಗದದ ಬಿಳಿ, ನಡುವಿನ ಬೂದು, ಗಾಢ. ಕಣ್ಣು ಅರೆ ಮುಚ್ಚಿ ನೋಡಿದರೆ ಬಣ್ಣ ಮರೆಯಾಗಿ ಕತ್ತಲೆ ಬೆಳಕಷ್ಟೇ ಉಳಿಯುತ್ತದೆ. ಎಲ್ಲಕ್ಕಿಂತ ಗಾಢ ಜಾಗ ಯಾವುದು ಅಂತ ಹುಡುಕಿ. ಎಷ್ಟೋ ಸಲ ಅದು ಬೆಟ್ಟವಲ್ಲ, ತೋಟದ ಬುಡ. ಈ ನಕ್ಷೆ ಸರಿಯಿದ್ದರೆ ಬಣ್ಣ ಸ್ವಲ್ಪ ಆಚೀಚೆ ಆದರೂ ಚಿತ್ರ ನಿಲ್ಲುತ್ತದೆ.

ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಆಕಾರಕ್ಕೆ ಮಾತ್ರ. ಫೋನ್ ಹಸಿರನ್ನು ಜೋರು ಮಾಡುತ್ತದೆ, ನೆರಳೊಳಗೆ ಬೆಳಕು ತುಂಬುತ್ತದೆ. ಬಣ್ಣಕ್ಕೆ ನಕ್ಷೆಯ ಪಕ್ಕದಲ್ಲೇ ಮಾತಿನಲ್ಲಿ ಬರೆದುಕೊಳ್ಳಿ: 'ಹಿಂದಿನ ಗುಡ್ಡ ಆಕಾಶಕ್ಕಿಂತ ಒಂದು ಚೂರು ಗಾಢ', 'ಗದ್ದೆಯಲ್ಲಿ ಹಳದಿ ಜಾಸ್ತಿ', ಹೀಗೆ.

ಮಂಜು

ಇಲ್ಲಿ ತುಂಬಾ ಜನ ಎಡವುತ್ತಾರೆ. ದೂರದ ಬೆಟ್ಟ ನೀಲಿ ಅಂತ ಎಲ್ಲೋ ಕಲಿತು, ಆಗಸ್ಟ್ ತಿಂಗಳ ಚಿತ್ರಕ್ಕೂ ನೀಲಿ ಬಳಿಯುತ್ತಾರೆ. ದೂರದ ಬೆಟ್ಟ ನೀಲಿಯಾಗಿ ಕಾಣುವುದು ಗಾಳಿ ತಿಳಿಯಾಗಿರುವಾಗ. ಗಾಳಿಯ ಕಣಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತವೆ. ಮಂಜಿನ ಹನಿಗಳು ದೊಡ್ಡವು, ಅವು ಎಲ್ಲ ಬಣ್ಣವನ್ನೂ ಸಮವಾಗಿ ಚದುರಿಸುತ್ತವೆ. ಅದಕ್ಕೇ ಮಂಜು ಬಿಳಿ. ಹಾಗಾಗಿ ಡಿಸೆಂಬರ್ ಸಂಜೆಯ ಕೊಡಚಾದ್ರಿ ನೀಲಿಯಾಗಬಹುದು, ಮಳೆಗಾಲದ ಕೊಡಚಾದ್ರಿ ಬೂದೇ. ಈ ಬೂದಿಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿ, ನೀರು ಧಾರಾಳವಾಗಿರಲಿ. ನೀಲಿ ಜಾಸ್ತಿಯಾದರೆ ತಂಪು ಬೂದು, ಸಿಯೆನ್ನಾ ಜಾಸ್ತಿಯಾದರೆ ಬೆಚ್ಚಗಿನದು.

ಮಾಡುವ ಕ್ರಮ ಹೀಗೆ. ಆಕಾಶದ ತೆಳು ಬಣ್ಣವನ್ನು ಚಪ್ಪಟೆ ಬ್ರಷ್ಷಿನಲ್ಲಿ ಹಾಳೆಯ ಅರ್ಧದವರೆಗೆ ಎಳೆದು ಪೂರ್ತಿ ಒಣಗಲು ಬಿಡಿ. ಆಮೇಲೆ ಅತಿ ಹಿಂದಿನ ಗುಡ್ಡದ ಮೇಲಂಚನ್ನು ಒಣ ಕಾಗದದ ಮೇಲೆ ಬರೆಯಿರಿ, ಅಂಚು ಚೂಪಾಗಿರಲಿ. ಬಣ್ಣ ಹಸಿಯಿರುವಾಗಲೇ ಕೆಳಗಿನ ಭಾಗಕ್ಕೆ ಬರೀ ನೀರಿನ ಬ್ರಷ್ ತಾಗಿಸಿ ಕೆಳಕ್ಕೆ ಎಳೆಯಿರಿ. ಗುಡ್ಡದ ಬುಡ ಕರಗಿಹೋಗುತ್ತದೆ. ಮಂಜು ಕೂರುವುದು ಕಣಿವೆಯಲ್ಲಿ, ಹಾಗಾಗಿ ಬೆಟ್ಟದ ತಲೆ ಸ್ಪಷ್ಟ, ಬುಡ ಅಸ್ಪಷ್ಟ. ಒಣಗಿದ ಮೇಲೆ ಅದರ ಮುಂದಿನ ಗುಡ್ಡ, ಒಂದು ಛಾಯೆ ಗಾಢ, ಚೂರೇ ಚೂರು ಹಸಿರು. ಮತ್ತೆ ಬುಡ ಕರಗಿಸಿ. ಮೂರು ಸಾಲು ಸಾಕು, ಐದಾರು ಮಾಡಿದರೆ ಕ್ಯಾಲೆಂಡರ್ ಚಿತ್ರವಾಗುತ್ತದೆ. ಜಲವರ್ಣ ಒಣಗಿದಾಗ ಒಂದು ಛಾಯೆ ತಿಳಿಯಾಗುತ್ತದೆ, ಹಸಿಯಿರುವಾಗ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುವಷ್ಟೇ ಹಾಕಿ.

ತೋಟ, ಧರೆ, ಹಂಚು, ನೀರು

ಅಡಿಕೆ ಮರವನ್ನು ಒಂದೊಂದಾಗಿ ಬರೆಯಲು ಹೋದರೆ ಕಂಬ ನೆಟ್ಟ ಹಾಗಾಗುತ್ತದೆ. ಮರ ಬರೆಯಬೇಡಿ, ಮರಗಳ ನಡುವಿನ ಕತ್ತಲೆ ಬರೆಯಿರಿ. ಮೊದಲು ಇಡೀ ತೋಟಕ್ಕೆ ತಿಳಿ ಬೂದು ಹಸಿರು ಬಳಿದು ಒಣಗಿಸಿ. ಆಮೇಲೆ ಕಾನಿಗೆ ಬೆರೆಸಿದ ಗಾಢ ಬಣ್ಣವನ್ನು ಕಾಂಡಗಳ ಮಧ್ಯದ ಜಾಗಕ್ಕೆ ಮಾತ್ರ ತುಂಬಿ. ಕಾಂಡ ತಾನಾಗಿ ಬೆಳ್ಳಗೆ ಎದ್ದು ನಿಲ್ಲುತ್ತದೆ. ಎಲ್ಲ ಮರ ನೆಟ್ಟಗಿರಬಾರದು, ಒಂದೆರಡು ಬೆಳಕಿನ ಕಡೆಗೆ ವಾಲಲಿ. ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಕಟ್ಟಿದ ಕೊಟ್ಟೆ (ಹೊದಿಕೆ) ಕಂಡರೆ ಅದನ್ನೂ ಬಿಡಬೇಡಿ.

ಧರೆ ಒಣಗಿದಾಗ ಕಿತ್ತಳೆ ಕಡೆಗೆ, ನೆನೆದಾಗ ರಕ್ತಗೆಂಪಿನ ಕಡೆಗೆ ಹೋಗುತ್ತದೆ. ಒಣಗಿದ್ದಕ್ಕೆ ಓಕರ್ ಮತ್ತು ಬರ್ನ್ಟ್ ಸಿಯೆನ್ನಾ, ನೆನೆದದ್ದಕ್ಕೆ ಸಿಯೆನ್ನಾಗೆ ರೋಸ್ ಮತ್ತು ಒಂದು ಹನಿ ಅಲ್ಟ್ರಾಮರೀನ್. ಚಿತ್ರದಲ್ಲಿ ಕೆಂಪು ಒಂದೇ ಕಡೆ ದೊಡ್ಡದಾಗಿರಲಿ. ನಾಲ್ಕು ಕಡೆ ಹಂಚಿದರೆ ಯಾವುದಕ್ಕೂ ತೂಕ ಇರುವುದಿಲ್ಲ.

ಹಂಚಿನ ಮನೆ ಬರೆಯುವಾಗ ಹಂಚು ಅಂದರೆ ಕೆಂಪು ಅಂತ ತಟ್ಟನೆ ಹಾಕಬೇಡಿ. ಆಗಸ್ಟಿನಲ್ಲಿ ಹಂಚಿನ ಮೇಲೆ ಪಾಚಿ ಕಟ್ಟಿ ಮಾಡು ಕಪ್ಪು ಹಸಿರಾಗಿರುತ್ತದೆ, ಕೆಂಪು ಕಾಣುವುದು ಹೊಸದಾಗಿ ಬದಲಿಸಿದ ನಾಲ್ಕಾರು ಹಂಚಿನಲ್ಲಿ. ಆ ನಾಲ್ಕಾರು ಕಡೆ ಮಾತ್ರ ಶುದ್ಧ ಕೆಂಪು ಇಟ್ಟು ನೋಡಿ. ಇನ್ನು ಕಟ್ಟಿಗೆ ರಾಶಿಯ ಮೇಲೆ, ಕೊಟ್ಟಿಗೆಯ ಪಕ್ಕ ನೀಲಿ ಟಾರ್ಪಾಲ್ ಇಲ್ಲದ ಮನೆ ಮಲೆನಾಡಿನಲ್ಲಿ ಎಲ್ಲಿದೆ? ಚಿತ್ರ ಬರೆಯುವವರು ಮಾತ್ರ ಅದನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಸರಿಯಲ್ಲ ಅನ್ನಿಸುತ್ತದೆ. ಮಂಕು ಹಸಿರಿನ ನಡುವೆ ಆ ಒಂದು ತುಂಡು ನೀಲಿ ಸುತ್ತಲಿನ ಬಣ್ಣವನ್ನೆಲ್ಲ ಎತ್ತಿಕೊಡುತ್ತದೆ, ಚಿತ್ರ ಇವತ್ತಿನದಾಗುತ್ತದೆ.

ನೀರಿಗೂ ಒಂದೇ ಬಣ್ಣ ಇಲ್ಲ. ಜುಲೈನ ತುಂಗೆ ಕೆಂಪು ಕಂದು, ಜನವರಿಯ ತುಂಗೆ ತಿಳಿ ಹಸಿರು. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ದಡದ ಸುತ್ತ ಕೆಂಪು ಮಣ್ಣಿನ ಪಟ್ಟಿ ಹೊರಬೀಳುತ್ತದೆ. ಹೊನ್ನೆಮರಡು ಕಡೆ ಹೋದವರು ಆ ಪಟ್ಟಿಯನ್ನೇ ಚಿತ್ರದ ಮುಖ್ಯ ಗೆರೆ ಮಾಡಿಕೊಳ್ಳಬಹುದು. ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳುವ ನೀರಿಗೆ ಬಿಳಿ ಬಣ್ಣ ಹಾಕಬೇಡಿ, ಕಾಗದವನ್ನೇ ಬಿಡಿ. ಗಮನ ಪೂರ್ತಿ ಬಂಡೆಯ ಮೇಲಿರಲಿ. ಬಂಡೆ ಎಷ್ಟು ಗಾಢವೋ ನೀರು ಅಷ್ಟು ಬಿಳಿ. ಹನಿ ಹಾರುವ ಜಾಗದಲ್ಲಿ ಮೊದಲೇ ಮೇಣದ ಬತ್ತಿ ಉಜ್ಜಿಟ್ಟರೆ ಅಲ್ಲಿ ಬಣ್ಣ ಹತ್ತುವುದಿಲ್ಲ.

ಆಗುಂಬೆಯ ಸೂರ್ಯಾಸ್ತ ಬರೆಯುವವರಿಗೆ ಒಂದೇ ಮಾತು. ಹಳದಿಯನ್ನು ನೇರ ನೀಲಿಗೆ ತಾಗಿಸಿದರೆ ಆಕಾಶ ಹಸಿರಾಗುತ್ತದೆ. ನಡುವೆ ರೋಸ್‌ನ ತೆಳು ಪಟ್ಟಿ ಬರಲಿ.

ಹಿರಿಯರ ಚಿತ್ರ ನೋಡುವಾಗ

ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದವರು. ರುಮಾಲೆ ಚನ್ನಬಸವಯ್ಯ (1910–1988) ಸ್ವಾತಂತ್ರ್ಯ ಹೋರಾಟಗಾರರು, ಹೂಬಿಟ್ಟ ಮರಗಳ ಚಿತ್ರಗಳಿಗೆ ಹೆಸರಾದವರು. ಇಬ್ಬರೂ ನಿಸರ್ಗವನ್ನೇ ಬರೆದರು, ಬಣ್ಣದಲ್ಲಿ ಮಾತ್ರ ಅಜಗಜಾಂತರ. ವೆಂಕಟಪ್ಪನವರದ್ದು ಹಿಡಿತ, ತೆಳು ಛಾಯೆ. ರುಮಾಲೆಯವರದ್ದು ಬಣ್ಣದ ಹಬ್ಬ. ಮಳೆಗಾಲದ ಆಗುಂಬೆಗೆ ವೆಂಕಟಪ್ಪನವರ ದಾರಿ ಒಗ್ಗುತ್ತದೆ, ಏಪ್ರಿಲ್ ಮೇ ತಿಂಗಳ ಹೊಳೆದಾಸವಾಳ, ಗುಲ್‌ಮೊಹರ್‌ಗೆ ರುಮಾಲೆಯವರದ್ದು. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ತೆರೆದಿದೆಯೇ ವಿಚಾರಿಸಿಕೊಂಡು ಹೋಗಿ. ಒಂದೇ ಚಿತ್ರದ ಮುಂದೆ ಹೊತ್ತು ಕಳೆಯಿರಿ, ಅದರಲ್ಲಿ ಎಷ್ಟು ಬಗೆಯ ಬೂದು ಇದೆ ಅಂತ ಎಣಿಸಿ. ಮನೆಗೆ ಬಂದು ಚಿತ್ರದ ನಕಲು ಬೇಡ, ಆ ಬೂದುಗಳನ್ನಷ್ಟೇ ಬೆರೆಸಲು ನೋಡಿ.

ಮಳೆಗಾಲದಲ್ಲಿ ಒಣಗಿಸುವುದು, ಕಾಪಾಡುವುದು

ಜುಲೈನಲ್ಲಿ ಒಂದು ಪದರ ಒಣಗಲು ಕಾದು ಕಾದು ತಾಳ್ಮೆಯೇ ಮುಗಿಯುತ್ತದೆ. ಒಣಗಿದೆಯೋ ಇಲ್ಲವೋ ತಿಳಿಯಲು ಕೈಯ ಹಿಂಭಾಗ ತಾಗಿಸಿ. ತಣ್ಣಗಿದ್ದರೆ ಇನ್ನೂ ಹಸಿ. ಕರೆಂಟ್ ಇದ್ದರೆ ಹೇರ್ ಡ್ರೈಯರ್, ಇಲ್ಲದಿದ್ದರೆ ಬಚ್ಚಲ ಒಲೆಯ ಬಿಸಿ. ಒಲೆಯಿಂದ ನಾಲ್ಕಡಿ ದೂರವಿರಲಿ, ಹೊಗೆ ಬರುವ ಕಡೆ ಬೇಡ. ಹಾಳೆ ಸುಕ್ಕಾದರೆ ಹಿಂಬದಿಗೆ ನೀರು ಸಿಂಪಡಿಸಿ, ಎರಡು ಶುದ್ಧ ಹಾಳೆಯ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ.

ಬಳಸದ ಕಾಗದವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೇವ ಕುಡಿದ ಕಾಗದದ ಮೇಲಿನ ಅಂಟು ಹಾಳಾಗಿ ಬಣ್ಣ ಅಲ್ಲಲ್ಲಿ ಇಂಗಿ ಕಲೆಯಾಗುತ್ತದೆ. ಒಮ್ಮೆ ಹಾಗಾದ ಕಾಗದವನ್ನು ಬಣ್ಣ ಬೆರೆಸುವ ಅಭ್ಯಾಸಕ್ಕೆ ಇಟ್ಟುಕೊಳ್ಳಬಹುದು ಅಷ್ಟೇ. ಬಣ್ಣದ ತಟ್ಟೆಯನ್ನು ಪೂರ್ತಿ ಒಣಗಿಸದೆ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ತೊಳೆಯುವ ನೀರಿಗೆ ಲವಂಗದ ಎಣ್ಣೆಯ ಒಂದು ಹನಿ ಹಾಕಿದರೆ ಸ್ವಲ್ಪ ತಡೆಯುತ್ತದೆ.

ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಬೇಕೇ ಬೇಕು. ತಾಗಿದರೆ ಒಳಗಿನ ತೇವಕ್ಕೆ ಬಣ್ಣ ಗಾಜಿಗೆ ಹತ್ತುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ತೂಗುಹಾಕಬೇಡಿ, ಒಳಗೋಡೆಯೇ ವಾಸಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಸೆಪ್ಟೆಂಬರ್ ಕಳೆದು ಬಿಸಿಲು ಬಂದ ಮೇಲೆ ಎಲ್ಲವನ್ನೂ ಒಮ್ಮೆ ಇಳಿಸಿ, ಹಿಂಬದಿ ನೋಡಿ ಒರೆಸಿ ಮತ್ತೆ ಹಾಕಿ.